ಮೈಕ್ರೋಟಿಕ್ ರೌಟರ್‌ನಲ್ಲಿ ಕ್ಯೂ (ಪ್ಯಾಕೆಟ್‌ಗಳ ಸಾಲು) ಹಾಕಿದರೂ ಫೋನ್ ಧ್ವನಿ ಕಟ್ ಆಗ್ತಿದೆ, ಯಾಕೆ?

ಪ್ರಶ್ನೆ: ಆಫೀಸಲ್ಲಿ 12 ಐಪಿ ಫೋನ್, ಅಪ್‌ಲೋಡ್ ಡೌನ್‌ಲೋಡ್ ಎರಡೂ 50 ಎಂಬಿಪಿಎಸ್ ಫೈಬರ್, ರೌಟರ್‌ಒಎಸ್ 7 (ಮೈಕ್ರೋಟಿಕ್‌ನ ಸಾಫ್ಟ್‌ವೇರ್). ಸಂಜೆ ಕ್ಲೌಡ್ ಬ್ಯಾಕಪ್ ಶುರುವಾದ್ರೆ ನಮ್ಮ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳುತ್ತೆ. ಮ್ಯಾಂಗಲ್‌ನಲ್ಲಿ (ಪ್ಯಾಕೆಟ್‌ಗೆ ಗುರುತು ಹಾಕೋ ಜಾಗ) 5060 ಪೋರ್ಟ್‌ಗೆ ಮಾರ್ಕ್ ಹಾಕಿ, ಕ್ಯೂ ಟ್ರೀಯಲ್ಲಿ (ಸಾಲುಗಳಿಗೆ ವೇಗ ಹಂಚೋ ಜಾಗ) ಪ್ರಯಾರಿಟಿ 1 (ಎಲ್ಲಕ್ಕಿಂತ ಮೊದಲು) ಕೊಟ್ಟಿದ್ದೀನಿ. ಕೌಂಟರ್ ಒಂದೆರಡು ಪ್ಯಾಕೆಟ್ ತೋರಿಸಿ ನಿಂತುಬಿಡುತ್ತೆ.

ಉತ್ತರ: ಹಾಗೆ ನಿಲ್ಲೋದು ಫಾಸ್ಟ್‌ಟ್ರ್ಯಾಕ್‌ನ (ಪ್ಯಾಕೆಟ್‌ಗಳನ್ನ ಅಡ್ಡದಾರಿಯಲ್ಲಿ ಬೇಗ ದಾಟಿಸೋ ರೂಲ್) ಲಕ್ಷಣ. ಡೀಫಾಲ್ಟ್ ಕಾನ್ಫಿಗ್‌ನಲ್ಲಿ ಫೈರ್‌ವಾಲ್‌ನ ಫಾರ್ವರ್ಡ್ ಚೈನ್‌ನಲ್ಲೇ (ರೌಟರ್ ದಾಟಿ ಹೋಗೋ ಪ್ಯಾಕೆಟ್‌ಗಳ ರೂಲ್ ಪಟ್ಟಿ) ಆ ರೂಲ್ ಕೂತಿರುತ್ತೆ. ಕನೆಕ್ಷನ್ ಒಮ್ಮೆ ಅದಕ್ಕೆ ಸಿಕ್ಕಿದ್ರೆ ಮುಂದಿನ ಪ್ಯಾಕೆಟ್‌ಗಳು ಮ್ಯಾಂಗಲ್ ಕಡೆ ತಲೆಯೇ ಹಾಕಲ್ಲ. ಅದನ್ನ ಡಿಸೇಬಲ್ ಮಾಡಿ ರೌಟರ್ ರೀಬೂಟ್ ಮಾಡಿ. ಇಲ್ಲದಿದ್ರೆ ಹಳೇ ಕನೆಕ್ಷನ್‌ಗಳು ಹಳೇ ದಾರಿಯಲ್ಲೇ ಹೋಗ್ತಿರುತ್ತವೆ.

ಎರಡನೇದು, 5060 ಬರೀ ಸಿಗ್ನಲಿಂಗ್, ಅಂದ್ರೆ ರಿಂಗ್ ಆಗೋಕೆ. ಧ್ವನಿ ಹೋಗೋದು ಆರ್‌ಟಿಪಿ ಅನ್ನೋ ಪ್ರೋಟೋಕಾಲ್‌ನಲ್ಲಿ, ಬೇರೆ ಯುಡಿಪಿ ಪೋರ್ಟ್‌ಗಳಲ್ಲಿ. ಪೋರ್ಟ್ ಹಿಂದೆ ಬೀಳಬೇಡಿ. ಫೋನ್‌ಗಳ ಡಿಎಚ್‌ಸಿಪಿ ಲೀಸ್ (ರೌಟರ್ ಹಂಚೋ ಐಪಿ ವಿಳಾಸ) ಸ್ಟ್ಯಾಟಿಕ್ ಮಾಡಿ, 12 ಐಪಿಗಳನ್ನೂ ಒಂದು ಅಡ್ರೆಸ್ ಲಿಸ್ಟ್‌ಗೆ ಸೇರಿಸಿ. ಮ್ಯಾಂಗಲ್‌ನ ಫಾರ್ವರ್ಡ್ ಚೈನ್‌ನಲ್ಲಿ ಸೋರ್ಸ್ ಆ ಲಿಸ್ಟ್, ಕನೆಕ್ಷನ್ ಮಾರ್ಕ್ 'ನೋ-ಮಾರ್ಕ್' ಇದ್ರೆ 'ವಾಯ್ಸ್' ಅಂತ ಕನೆಕ್ಷನ್ ಮಾರ್ಕ್, ಪಾಸ್‌ಥ್ರೂ ಯೆಸ್ (ಮುಂದಿನ ರೂಲ್‌ಗೂ ಹೋಗಲಿ). ಅದರ ಕೆಳಗೆ, 'ವಾಯ್ಸ್' ಕನೆಕ್ಷನ್‌ಗೆ ಪ್ಯಾಕೆಟ್ ಮಾರ್ಕ್, ಪಾಸ್‌ಥ್ರೂ ನೋ. ವಾಪಸ್ ಬರೋ ಪ್ಯಾಕೆಟ್‌ಗೂ ಇದೇ ಸಾಕು.

ಕ್ಯೂ ಟ್ರೀಯಲ್ಲಿ ಪೇರೆಂಟ್‌ಗೆ (ಮೇಲಿನ ಕ್ಯೂ) ಮ್ಯಾಕ್ಸ್-ಲಿಮಿಟ್ (ಗರಿಷ್ಠ ವೇಗ) ಹಾಕಿದ್ದೀರಾ?

ಪ್ರಶ್ನೆ: ಇಲ್ಲ, ಖಾಲಿ ಬಿಟ್ಟಿದ್ದೀನಿ.

ಉತ್ತರ: ಅಸಲಿ ತೊಂದರೆ ಅಲ್ಲೇ. ಮಿತಿ ಗೊತ್ತಿಲ್ಲದ ಪೇರೆಂಟ್ ಕೆಳಗೆ ಪ್ರಯಾರಿಟಿ 1 ಇದ್ರೂ ಒಂದೇ, 8 ಇದ್ರೂ ಒಂದೇ. ಪ್ಯಾಕೆಟ್‌ಗಳ ಸಾಲು ನಿಮ್ಮ ರೌಟರ್‌ನಲ್ಲಿ ಕಟ್ಟಬೇಕು; ಮುಂದಿನ ಫೈಬರ್ ಮೋಡೆಮ್‌ನಲ್ಲಿ ಕಟ್ಟಿದ್ರೆ ಅದಕ್ಕೆ ನಿಮ್ಮ ಮಾರ್ಕ್ ಲೆಕ್ಕಕ್ಕಿಲ್ಲ. ವ್ಯಾನ್ ಇಂಟರ್‌ಫೇಸ್ ಮೇಲೆ, ಅಂದ್ರೆ ಇಂಟರ್ನೆಟ್ ಕಡೆಯ ಪೋರ್ಟ್ ಮೇಲೆ (ಪಿಪಿಪಿಒಇ, ಅಂದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಲಾಗಿನ್, ಇದ್ರೆ ಅದರ ಮೇಲೆ) ಮ್ಯಾಕ್ಸ್-ಲಿಮಿಟ್ 45ಎಂ (45 ಎಂಬಿಪಿಎಸ್) ಇರೋ ಪೇರೆಂಟ್ ಮಾಡಿ. ಜಿ.711 ಕೋಡೆಕ್‌ನಲ್ಲಿ (ಧ್ವನಿಯನ್ನ ಡೇಟಾ ಮಾಡೋ ವಿಧಾನ) ಒಂದು ಕರೆಗೆ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್, 12ಕ್ಕೆ 1.05 ಎಂಬಿಪಿಎಸ್ ಆಗುತ್ತೆ. ವಾಯ್ಸ್ ಕ್ಯೂಗೆ ಲಿಮಿಟ್-ಅಟ್ (ಖಾತ್ರಿ ವೇಗ) 1500ಕೆ, ಪ್ರಯಾರಿಟಿ 1. ಉಳಿದಿದ್ದಕ್ಕೆ ಪ್ಯಾಕೆಟ್ ಮಾರ್ಕ್ 'ನೋ-ಮಾರ್ಕ್' ಕೊಟ್ಟು ಇನ್ನೊಂದು ಕ್ಯೂ, ಪ್ರಯಾರಿಟಿ 8, ಟೈಪ್ ಎಫ್‌ಕ್ಯೂ-ಕೋಡೆಲ್ (ಸಾಲು ಉದ್ದ ಬೆಳೆಯದಂತೆ ನೋಡಿಕೊಳ್ಳೋ ವಿಧಾನ). ಎರಡಕ್ಕೂ ಮ್ಯಾಕ್ಸ್-ಲಿಮಿಟ್ 45ಎಂ. ಈ ಎರಡನೇ ಕ್ಯೂ ಮರೆತ್ರೆ ಬ್ಯಾಕಪ್‌ಗೆ ಲಗಾಮೇ ಇರಲ್ಲ.

ಪ್ರಶ್ನೆ: ಡೌನ್‌ಲೋಡ್‌ಗೂ ಹೀಗೇನಾ?

ಉತ್ತರ: ಲ್ಯಾನ್ ಬ್ರಿಡ್ಜ್ (ಆಫೀಸಿನ ಒಳಗಿನ ಕಡೆ) ಮೇಲೆ ಇದೇ ಥರ ಮಾಡಬಹುದು. ಆದ್ರೆ ಲೈನ್ ದಾಟಿ ಬಂದ ಪ್ಯಾಕೆಟ್ ತಡೆದು ಕಳಿಸೋರಿಗೆ 'ನಿಧಾನ' ಅನ್ನೋದಷ್ಟೇ ಸಾಧ್ಯ, ಹಾಗಾಗಿ 42ಎಂಗೆ ಇಳಿಸಿ. ನಿಮ್ಮ ದೂರು ಅಪ್‌ಲೋಡ್‌ದು, ಅದನ್ನ ಮೊದಲು ಸರಿಮಾಡಿ. ಬ್ಯಾಕಪ್ ಓಡ್ತಿರುವಾಗ, ವಾಯ್ಸ್ ಲಿಸ್ಟ್‌ನಲ್ಲಿಲ್ಲದ ಕಂಪ್ಯೂಟರ್‌ನಿಂದ 8.8.8.8ಗೆ ಪಿಂಗ್ ಬಿಡಿ. ಸಮಯ ನೂರಾರು ಮಿಲಿಸೆಕೆಂಡ್‌ಗೆ ಏರಿದ್ರೆ 45ಎಂ ಕೂಡ ಜಾಸ್ತಿಯೇ, ಎರಡೆರಡು ಎಂ ಇಳಿಸ್ತಾ ಹೋಗಿ.

ಇನ್ನೊಬ್ಬರ ಪ್ರಶ್ನೆ: ಮನೇಲಿ ಓಪನ್‌ಡಬ್ಲ್ಯೂಆರ್‌ಟಿ (ರೌಟರ್‌ಗೆ ಹಾಕೋ ಇನ್ನೊಂದು ಸಾಫ್ಟ್‌ವೇರ್) ಇದೆ. ಇಷ್ಟೆಲ್ಲಾ ಬೇಕಾ?

ಉತ್ತರ: ಬೇಡ. ಸಾಲು ನಿಭಾಯಿಸೋ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ವ್ಯಾನ್ ಆರಿಸಿ, ಕೇಕ್ ಅನ್ನೋ ಕ್ಯೂ ವಿಧಾನ ಆಯ್ಕೆ ಮಾಡಿ, ಅಳೆದ ವೇಗದ ಶೇ. 90 ಬರೆಯಿರಿ. ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ ಮಾತ್ರ ಆಫ್ ಇರಲಿ, ಅದೂ ಫಾಸ್ಟ್‌ಟ್ರ್ಯಾಕ್‌ನ ಜಾತಿಯದೇ.