ಕರುಳಿನ ಬ್ಯಾಕ್ಟೀರಿಯಾ ಸರಿ ಮಾಡಿದರೆ ಮುಪ್ಪು ತಡವಾಗುತ್ತಾ? ಅಪ್ಪನ ಕ್ಯಾಪ್ಸೂಲ್ ಮುಂದುವರಿಸಬೇಕಾ, ಬಿಡಬೇಕಾ?

ಗುಮ್ಮಟದ ಹುಡುಗ (ವಿಜಯಪುರ):

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅಪ್ಪನಿಗೆ 71. ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್. ಮನೆಗೆ ಬಂದ ಮೇಲೆ ಒಮ್ಮೆಲೇ ಐದಾರು ವರ್ಷ ಮುದುಕರಾದ ಹಾಗೆ ಕಾಣುತ್ತಾರೆ. ಮೊದಲು ಹೊಲದಿಂದ ಬಂದವರೇ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ ಜಜ್ಜಿಕೊಂಡು ತಿನ್ನುತ್ತಿದ್ದರು. ಈಗ ಬೆಳಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅದೇ. ಹೊಟ್ಟೆ ಒಂದು ದಿನ ಕಟ್ಟಿರುತ್ತದೆ, ಒಂದು ದಿನ ಸಡಿಲ.

ಮಾವ ಒಬ್ಬರು ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದರು. ಕರುಳಿನ ಬ್ಯಾಕ್ಟೀರಿಯಾ ಬದಲಾಯಿಸಿದರೆ ವಯಸ್ಸು ಹಿಂದಕ್ಕೆ ಹೋಗುತ್ತದಂತೆ. ನಾನೂ ನಂಬಿ ಪ್ರೊಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ತರಿಸಿದೆ. ತಿಂಗಳ ಡಬ್ಬಿಗೆ ಎರಡು ಸಾವಿರದ ಮೇಲೆ. ಎರಡು ಡಬ್ಬಿ ಮುಗಿದವು, ಏನೂ ಫರಕು ಕಾಣಲಿಲ್ಲ. ರೇಟು ಕೇಳಿ ಅಪ್ಪ "ಈ ರೊಕ್ಕದಾಗ ಒಂದು ಚೀಲ ಜೋಳ ಬರ್ತಿತ್ತಲ್ಲೋ ತಮ್ಮಾ" ಅಂದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, 92ರ ತನಕ ಬದುಕಿದ್ದು ಮಜ್ಜಿಗೆ ಮೇಲೆ, ಕ್ಯಾಪ್ಸೂಲ್ ಮೂಸಿಯೂ ನೋಡಲಿಲ್ಲ. ನಿಜವಾಗಿ ಇದರಲ್ಲಿ ಏನಾದರೂ ಇದೆಯಾ, ಇಲ್ಲಾ ಸುಮ್ನೆ ವ್ಯಾಪಾರನಾ?

ಲ್ಯಾಬ್ ಅಕ್ಕ (ಬೆಳಗಾವಿ):

ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ, ಡಾಕ್ಟರ್ ಅಲ್ಲ, ಅದು ಮೊದಲೇ ತಿಳಿದಿರಲಿ. ವಿಡಿಯೊ ಪೂರ್ತಿ ಸುಳ್ಳಲ್ಲ. ಆದರೆ ಮೀನಿಗೆ ಆದದ್ದನ್ನು ನಿಮ್ಮ ಅಪ್ಪನಿಗೆ ಮಾರಿದ್ದಾರೆ.

ಮೀನಿನ ಕಥೆ ಹೀಗಿದೆ. ಆಫ್ರಿಕಾದಲ್ಲಿ ಕಿಲ್ಲಿಫಿಶ್ ಅಂತ ಒಂದು ಪುಟ್ಟ ಮೀನಿದೆ, ಕೆಲವೇ ತಿಂಗಳು ಬದುಕುವಂಥದ್ದು. ಮುಪ್ಪಿನ ಪ್ರಯೋಗಕ್ಕೆ ಹೇಳಿ ಮಾಡಿಸಿದ ಪ್ರಾಣಿ. 2017ರಲ್ಲಿ ಜರ್ಮನಿಯ ಕಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ನಡುವಯಸ್ಸಿನ ಮೀನುಗಳ ಕರುಳನ್ನು ಆಂಟಿಬಯೋಟಿಕ್‌ನಿಂದ ಖಾಲಿ ಮಾಡಿ, ಎಳೆ ಮೀನುಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟರು. ಅವು ಜಾಸ್ತಿ ದಿನ ಬದುಕಿದವು, ಚುರುಕಾಗಿ ಈಜಾಡಿದವು. ಇಲಿಗಳಲ್ಲಿ ಬೇರೆ ಒಂದು ವಿಷಯ ಕಂಡಿತು. ವಯಸ್ಸಾದಂತೆ ಕರುಳಿನ ಗೋಡೆ ಸಡಿಲವಾಗಿ, ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಮೈ ಅದನ್ನು ಸೋಂಕು ಅಂದುಕೊಂಡು ಸದಾ ಸಣ್ಣ ಉರಿಯಲ್ಲಿ ಕಾಯುತ್ತಲೇ ಇರುತ್ತದೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ. ಬ್ಯಾಕ್ಟೀರಿಯಾನೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಮುಪ್ಪಿನಲ್ಲಿ ಈ ಉರಿ ಏರಲಿಲ್ಲ.

ನಮ್ಮ ಮೈಯಲ್ಲಿ ಅಂದಾಜು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಮಗೆ ಜೀರ್ಣವಾಗದ ನಾರು ಅವಕ್ಕೆ ಊಟ. ಅದನ್ನು ತಿಂದು ಬ್ಯುಟಿರೇಟ್ ಅಂತ ಒಂದು ವಸ್ತು ಬಿಡುತ್ತವೆ, ಅದೇ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನ. ಅಪ್ಪ ತಿನ್ನುವ ಬಿಸ್ಕೀಟು, ಬಿಳಿ ಅನ್ನದಲ್ಲಿ ನಾರು ಎಷ್ಟಿರುತ್ತದೆ ಹೇಳಿ? ಕೆಲಸಗಾರರನ್ನು ಡಬ್ಬಿಯಲ್ಲಿ ತರಿಸಿ, ಉಪವಾಸ ಕೆಡವಿದ ಹಾಗಾಯಿತು.

ಇನ್ನೊಂದು ಮಾತು. ಆಂಟಿಬಯೋಟಿಕ್ ಆದಮೇಲೆ ಪ್ರೊಬಯೋಟಿಕ್ ನುಂಗಿದರೆ ಒಳ್ಳೆಯದೇ ಅಂತ ಎಲ್ಲರೂ ಅಂದುಕೊಂಡಿದ್ದೇವೆ, ಅಲ್ವಾ? 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಪರೀಕ್ಷೆ ಮಾಡಿದಾಗ, ಪ್ರೊಬಯೋಟಿಕ್ ತಗೊಂಡವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾ ಮರಳಿ ಬರುವುದು ಇನ್ನೂ ತಡವಾಗಿತ್ತು. ಸಣ್ಣ ಅಧ್ಯಯನ, ನಿಜ. ಆದರೂ ಮೂರನೇ ಡಬ್ಬಿಗೆ ರೊಕ್ಕ ಹಾಕುವ ಮುಂಚೆ ಅಪ್ಪನ ಡಾಕ್ಟರನ್ನು ಒಂದು ಮಾತು ಕೇಳಿ.

ಸಂಶಯದ ಗಿರಾಕಿ (ಅಥಣಿ):

ಅಕ್ಕಾರ, ಈ ವ್ಯಾಪಾರ ಇವತ್ತಿನದಲ್ಲ. ನೂರು ವರ್ಷದ ಹಿಂದೆಯೇ ಪ್ಯಾರಿಸ್‌ನಲ್ಲಿ ಮೆಚ್ನಿಕಾಫ್ ಅಂತ ವಿಜ್ಞಾನಿ ಇದ್ದರು, 1908ರಲ್ಲಿ ನೊಬೆಲ್ ಬಂದವರು. ದೊಡ್ಡ ಕರುಳಿನಲ್ಲಿ ಊಟ ಕೊಳೆತು ವಿಷವಾಗುತ್ತದೆ, ಅದಕ್ಕೇ ಮುಪ್ಪು ಬರುತ್ತದೆ, ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದು ದೀರ್ಘಾಯುಷಿಗಳಾಗಿದ್ದಾರೆ ಅಂತ ಹೇಳಿ ತಾವೂ ದಿನಾ ಕುಡಿದರು. ತೀರಿಕೊಂಡಾಗ ಅವರಿಗೆ 71. ಗುಮ್ಮಟದ ಹುಡುಗನ ಅಪ್ಪನದೇ ವಯಸ್ಸು, ತಪ್ಪು ತಿಳಿಯಬೇಡಪ್ಪಾ.

ನನ್ನ ತಕರಾರು ಇಷ್ಟೇ. ಗಟ್ಟಿಮುಟ್ಟಾದ ಮುದುಕರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಇವೆ ಅಂತಾರೆ ಈ ಸಂಶೋಧಕರು. ಗಟ್ಟಿ ಇದ್ದಾರೆ ಅಂತಲೇ ಅವರು ಎಲ್ಲಾ ತಿನ್ನುತ್ತಾರೆ, ಎಲ್ಲಾ ತಿನ್ನುತ್ತಾರೆ ಅಂತಲೇ ಬ್ಯಾಕ್ಟೀರಿಯಾ ಇವೆ. ಎತ್ತು ಯಾವುದು, ಬಂಡಿ ಯಾವುದು?

ಲ್ಯಾಬ್ ಅಕ್ಕ (ಬೆಳಗಾವಿ):

ಪ್ರಶ್ನೆ ಸರಿಯಾಗಿಯೇ ಇದೆ. 2012ರಲ್ಲಿ ಐರ್ಲೆಂಡಿನಲ್ಲಿ 178 ವೃದ್ಧರನ್ನು ನೋಡಿದಾಗ ಇದೇ ಗೊಂದಲ ಇತ್ತು. ಆರೈಕೆ ಕೇಂದ್ರದಲ್ಲಿದ್ದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಕಡಿಮೆ, ಅವರ ಊಟದಲ್ಲೂ ಬಗೆಗಳು ಕಡಿಮೆ, ಮೈಯಲ್ಲೂ ಕಸುವು ಕಡಿಮೆ. ಮೊದಲು ಯಾವುದು ಅಂತ ಅದರಿಂದ ಗೊತ್ತಾಗಲಿಲ್ಲ. ಆಮೇಲೆ ಯುರೋಪಿನ ಐದು ದೇಶಗಳಲ್ಲಿ 65ರಿಂದ 79 ವಯಸ್ಸಿನ 612 ಜನರನ್ನು ತಗೊಂಡು, ಒಂದಷ್ಟು ಮಂದಿಯ ಊಟವನ್ನೇ ಒಂದು ವರ್ಷ ಬದಲಾಯಿಸಿದರು. ಕಾಳು, ತರಕಾರಿ, ಹಣ್ಣು, ಆಲಿವ್ ಎಣ್ಣೆ, ಮೀನು. 2020ರಲ್ಲಿ ಫಲಿತಾಂಶ ಬಂತು. ಆ ಊಟವನ್ನು ಸರಿಯಾಗಿ ಪಾಲಿಸಿದವರಲ್ಲಿ ಬ್ಯಾಕ್ಟೀರಿಯಾ ಬದಲಾದವು, ಅದರ ಜೊತೆಗೇ ಉರಿಯೂತದ, ಅಂದರೆ ಮೊದಲು ಹೇಳಿದ ಆ ಸಣ್ಣ ಉರಿಯ, ಗುರುತುಗಳು ಕಡಿಮೆ, ಮೈಯ ನಿಶ್ಶಕ್ತಿಯೂ ಕಡಿಮೆ. ಆಯುಷ್ಯ ಹೆಚ್ಚಾಯಿತು ಅಂತ ಅವರು ಹೇಳಲಿಲ್ಲ, ನಾನೂ ಹೇಳಲ್ಲ. ಆದರೆ 75ನೇ ವಯಸ್ಸಿನಲ್ಲಿ ಕುರ್ಚಿಯಿಂದ ತಾನೇ ಎದ್ದು ನಿಲ್ಲುವುದು ಸಣ್ಣ ಮಾತೇನ್ರೀ?

ಮಲಪ್ರಭೆ ದಂಡೆ (ಬಾದಾಮಿ):

ನನಗೆ ಈ ವಿಜ್ಞಾನ ಎಲ್ಲಾ ಅಷ್ಟು ತಿಳಿಯದು, ಆದರೆ ಒಂದು ಕೇಳ್ತೀನಿ ತಮ್ಮಾ, ಅಪ್ಪನ ಹಲ್ಲು ಹೇಗಿವೆ? ಎಲ್ಲರೂ ಕರುಳಿಗೇ ಹೋದಿರಿ, ಬಾಯಿ ಯಾರೂ ನೋಡಲಿಲ್ಲ. ನಮ್ಮ ಅತ್ತೆ ಬನಶಂಕರಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಕುಡಿಕೆ ಮೊಸರು ಮಾರಿದವರು. ಅವರೇ ಕಡೆಗೆ ರೊಟ್ಟಿ ಬಿಟ್ಟು ಬ್ರೆಡ್ಡಿಗೆ ಬಂದರು. ಯಾಕೆ ಅಂತ ಆರು ತಿಂಗಳು ಬಾಯಿ ಬಿಡಲಿಲ್ಲ. ದವಡೆ ಹಲ್ಲು ಅಲುಗಾಡುತ್ತಿದ್ದವು, ಹೇಳಲು ನಾಚಿಕೆ.

ಮುಟಗಿ ಮಾಡಿ ಕೊಡಿ. ರೊಟ್ಟಿ ಸ್ವಲ್ಪ ದಪ್ಪ ಬಡಿಯಬೇಕು, ಹಂಚಿನಿಂದ ಇಳಿಸಿದ ಕೂಡಲೇ ಚೂರು ಮಾಡಿ ಒರಳಿಗೆ ಹಾಕಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಎರಡು ಹಸಿಮೆಣಸಿನಕಾಯಿ ಹಾಕಿ ಕುಟ್ಟಬೇಕು. ಕೈ ಸುಡುತ್ತಿರುವಾಗಲೇ ಕುಟ್ಟಬೇಕು, ಆರಿದರೆ ಹೊಟ್ಟಿನ ಹಾಗೆ ಉದುರುತ್ತದೆ. ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿದರೆ ಹಲ್ಲಿಲ್ಲದವರೂ ತಿನ್ನುತ್ತಾರೆ. ಜೊತೆಗೆ ಅಗಸಿ ಚಟ್ನಿಪುಡಿ. ರಾತ್ರಿಗೆ ಜೋಳದ ನುಚ್ಚು, ಮೆತ್ತಗೆ ಕುದಿಸಿ ಮಜ್ಜಿಗೆ ಹಾಕಿ.

ಲ್ಯಾಬ್ ಅಕ್ಕ (ಬೆಳಗಾವಿ):

ಹಲ್ಲಿನ ಮಾತು ನನಗೆ ಹೊಳೆಯಲೇ ಇಲ್ಲ ನೋಡಿ. ನುಚ್ಚಿಗೆ ಮಜ್ಜಿಗೆಯನ್ನು ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಅದರ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. 2021ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು 36 ಜನರ ಮೇಲೆ ಹತ್ತು ವಾರ ಪ್ರಯೋಗ ಮಾಡಿದಾಗ, ಮೊಸರಿನಂಥ ಹುದುಗಿದ ಪದಾರ್ಥ ಜಾಸ್ತಿ ತಿಂದವರಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದ್ದವು, ಉರಿಯೂತ ಇಳಿದಿತ್ತು. ಬರೀ ನಾರು ಹೆಚ್ಚಿಸಿದವರಲ್ಲಿ ಅಷ್ಟರಲ್ಲಿ ಬಗೆಗಳು ಹೆಚ್ಚಲಿಲ್ಲ. ಅದಕ್ಕೇ ಎರಡೂ ಇರಲಿ. ಮತ್ತೆ ಒಂದೇ ದಿನ ಎಲ್ಲಾ ಶುರು ಮಾಡಬೇಡಿ, ಹೊಟ್ಟೆ ಉಬ್ಬರಿಸಿ ಅಪ್ಪ ನಿಮ್ಮನ್ನೇ ಬೈತಾರೆ.

ಗುಮ್ಮಟದ ಹುಡುಗ (ವಿಜಯಪುರ):

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಬಾದಾಮಿ ಅಕ್ಕಾರ, ಕೈ ಮುಗೀತೀನಿ. ಕೆಳಗಿನ ಎಡದವಡೆಯಲ್ಲಿ ಎರಡು ಹಲ್ಲು ಅಲುಗಾಡುತ್ತಿದ್ದವು, ಇನ್ನೊಂದು ಹುಳುಕು. ಕೇಳಿದರೆ "ನಿನಗೆ ಯಾಕ ಹೇಳಬೇಕು, ಮತ್ತ ಖರ್ಚು" ಅಂದರು. ಹುಳುಕು ಹಲ್ಲು ಕಿತ್ತಿದ್ದಾರೆ, ಉಳಿದದ್ದಕ್ಕೆ ಬರುವ ವಾರ ಬರಲು ಹೇಳಿದ್ದಾರೆ. ಡಾಕ್ಟರನ್ನೂ ಕೇಳಿದೆ, ಕ್ಯಾಪ್ಸೂಲ್ ಬೇಕಾಗಿಲ್ಲ ಅಂದರು. ಮುಟಗಿ ಮೂರು ಸಲ ಆಯಿತು. ಮೊದಲನೇ ಸಲ ಆರಿದ ರೊಟ್ಟಿ ಕುಟ್ಟಿ ನಾನೇ ಕೆಡಿಸಿದೆ. ನಿನ್ನೆ ಎರಡು ಉಂಡೆ ತಿಂದು, ಮೆಣಸಿನಕಾಯಿ ಕಡಿಮೆ ಆಗಿದೆ ಅಂತ ತಾಟು ಸರಿಸಿದರು.