ಮನೆಯ ಲೆಕ್ಕದ ತಂತ್ರಾಂಶ ತಪ್ಪಿದರೆ ಉತ್ತರಿಸುವವರು ಯಾರು?

ಶಾಲಾ ಶಿಕ್ಷಕ, ಜಮಖಂಡಿ:
ಸಂಬಳ, ಮನೆ ಸಾಲದ ಕಂತು, ಕಬ್ಬಿನ ಬಿಲ್ಲು ಇವೆಲ್ಲವನ್ನೂ ನಾನು ವರ್ಷಕ್ಕೊಮ್ಮೆ ಚಂದಾ ಕಟ್ಟುವ ಒಂದು ತಂತ್ರಾಂಶದಲ್ಲಿ ಬರೆದಿಡುತ್ತೇನೆ. ಹೊಸ ಆವೃತ್ತಿ ಬಂದ ಮೇಲೆ, ಬ್ಯಾಂಕಿನಿಂದ ಇಳಿಸಿಕೊಂಡ, ವ್ಯವಹಾರಗಳನ್ನು ಸಾಲುಸಾಲಾಗಿ ಪಟ್ಟಿ ಮಾಡಿದ ಸಿಎಸ್‌ವಿ ಕಡತದಲ್ಲಿ 04/03 ಎಂದಿರುವ ಮಾರ್ಚ್ 4ರ ಜಮೆಯನ್ನು ಅದು ಏಪ್ರಿಲ್ 3 ಎಂದು ಓದುತ್ತಿದೆ. 13ನೇ ತಾರೀಖಿನಿಂದ ಮುಂದಿನವು ಸರಿಯಾಗಿ ಕೂರುತ್ತವೆ, ಏಕೆಂದರೆ ಹದಿಮೂರನೆಯ ತಿಂಗಳು ಎಂಬುದಿಲ್ಲ. ಇದನ್ನು ಉದಾಹರಣೆ ಸಹಿತ ಬರೆದು ತಿಳಿಸಿದರೂ, ಸಹಾಯ ವಿಭಾಗದಿಂದ ಬರುವ ಉತ್ತರ ಒಂದೇ: ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿ. ನಾನು ಬರೆದದ್ದನ್ನು ಯಾರಾದರೂ ಓದಿದ್ದಾರೆ ಎಂಬುದಕ್ಕೆ ಆ ಉತ್ತರದಲ್ಲಿ ಒಂದು ಗುರುತೂ ಇಲ್ಲ.

ಲೆಕ್ಕಪರಿಶೋಧಕಿ, ಬೆಳಗಾವಿ:
ಸರ್, ನಿಮ್ಮ ಉದಾಹರಣೆಯಲ್ಲಿ ತಿಂಗಳು ಬದಲಾದದ್ದಷ್ಟೇ ಅಲ್ಲ, ಆರ್ಥಿಕ ವರ್ಷವೇ ಬದಲಾಗಿದೆ. ನಮ್ಮ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಆ ಜಮೆ ಮುಂದಿನ ವರ್ಷದ ಆದಾಯವಾಗಿ ಕಾಣುತ್ತದೆ. ಆದ್ದರಿಂದ ತೆರಿಗೆ ವಿವರ ಸಲ್ಲಿಸುವಾಗ ತಂತ್ರಾಂಶದ ವರದಿಯನ್ನು ನೆಚ್ಚಬೇಡಿ; ಬ್ಯಾಂಕಿನ ಮೂಲ ವಿವರಪಟ್ಟಿ, ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯನ್ನು ತೋರಿಸುವ ಫಾರ್ಮ್ 26ಎಎಸ್, ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ಇವುಗಳನ್ನು ಎದುರಿಗಿಟ್ಟುಕೊಳ್ಳಿ. ಇನ್ನೊಂದು ಮಾತು: ಅವರು ಕೇಳಿದರೂ ನಿಜವಾದ ಖಾತೆಯ ಕಡತವನ್ನು ಕಳುಹಿಸಬೇಡಿ. ಸುಳ್ಳು ಮೊತ್ತ ಹಾಕಿದ ನಾಲ್ಕು ಸಾಲಿನ ಕಡತ ಮಾಡಿ ಕಳುಹಿಸಿದರೆ ದೋಷ ಅಷ್ಟರಲ್ಲೇ ಕಾಣುತ್ತದೆ. ಬ್ಯಾಂಕುಗಳು ದಿನಾಂಕವನ್ನು ಒಂದೇ ರೀತಿಯಲ್ಲಿ ಬರೆಯುವುದಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ.

ದ್ರಾಕ್ಷಿ ಬೆಳೆಗಾರ, ವಿಜಯಪುರ:
ಮೇಡಂ, ಎಚ್ಚರಿಕೆಯ ಮಾತು ಸರಿ, ಆದರೆ ರೊಕ್ಕ ಕೊಟ್ಟವನೇ ದೋಷವನ್ನೂ ಹುಡುಕಿ ಕೊಡಬೇಕು ಎಂಬುದನ್ನು ನಾನು ಒಪ್ಪಲಾರೆ. ದಿನಾಂಕದ ಕ್ರಮವನ್ನು ಬಳಕೆದಾರನಿಗೆ ಒಮ್ಮೆ ಕೇಳಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ನನ್ನ ತಕರಾರು ಇನ್ನೂ ಆಳದ್ದು. ಅಕ್ಟೋಬರಿನಲ್ಲಿ ಕಡ್ಡಿ ಸವರುವ ಕೂಲಿಯಿಂದ ಆರಂಭವಾಗಿ ಔಷಧಿ, ಗೊಬ್ಬರ ಎಂದು ತಿಂಗಳುಗಟ್ಟಲೆ ಖರ್ಚು ಮಾತ್ರ ಇರುತ್ತದೆ. ಒಣದ್ರಾಕ್ಷಿಯನ್ನು ಶೀತಗೃಹದಲ್ಲಿಟ್ಟು ದರ ಕಾದು ಮಾರಿದಾಗ ಆದಾಯ ಒಟ್ಟಿಗೆ ಬರುತ್ತದೆ. ತಿಂಗಳ ಸಂಬಳವನ್ನೇ ಲೆಕ್ಕಕ್ಕಿಟ್ಟು ಕಟ್ಟಿದ ಆ ತಂತ್ರಾಂಶ, ನಾನು ಮಿತಿ ಮೀರಿ ಖರ್ಚು ಮಾಡುತ್ತಿದ್ದೇನೆ ಎಂದು ಪ್ರತಿ ತಿಂಗಳೂ ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತದೆ. ಬೆಳೆಯ ಹಂಗಾಮಿಗೆ ತಕ್ಕ ಅಂದಾಜು ಪತ್ರ ಬೇಕೆಂದು ಕೇಳಿದರೆ, ಎಚ್ಚರಿಕೆಯನ್ನು ನಿಲ್ಲಿಸಿಕೊಳ್ಳುವ ವಿಧಾನವನ್ನು ಹೇಳಿಕೊಟ್ಟರು.

ನಿವೃತ್ತ ಬ್ಯಾಂಕ್ ನೌಕರ, ಬಾಗಲಕೋಟೆ:
ಕಡತ ಇಳಿಸುವ ಗೋಜೇ ಬೇಡವೆಂದರೆ ಬ್ಯಾಂಕಿನ ಮಾಹಿತಿಯನ್ನು ನೇರವಾಗಿ ತಲುಪಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕ್ 2016ರಲ್ಲಿ ಇದಕ್ಕೆ ನಿಯಮ ಮಾಡಿತು, 2021ರಲ್ಲಿ ಅದು ಬಳಕೆಗೆ ಬಂತು. ನಿಮ್ಮ ಒಪ್ಪಿಗೆಯ ಮೇಲೆ ಮಾತ್ರ ಮಾಹಿತಿ ಸಾಗುತ್ತದೆ, ಒಪ್ಪಿಗೆಯನ್ನು ಹಿಂಪಡೆಯಲೂಬಹುದು, ನಡುವಿನ ಸಂಸ್ಥೆ ಆ ಮಾಹಿತಿಯನ್ನು ಓದಲಾರದು.

ದ್ರಾಕ್ಷಿ ಬೆಳೆಗಾರ, ವಿಜಯಪುರ:
ನನ್ನ ಅರ್ಧ ವ್ಯವಹಾರ ಊರಿನ ಪತ್ತಿನ ಸಹಕಾರಿ ಸಂಘದಲ್ಲಿದೆ. ಅಲ್ಲಿ ಕೈಗೆ ಸಿಗುವುದು ಪಾಸ್‌ಬುಕ್ ಒಂದೇ.

ತಂತ್ರಾಂಶ ಪರೀಕ್ಷಕಿ, ಬೆಳಗಾವಿ:
ಮೊದಲು ಉತ್ತರಿಸುವ ನೌಕರರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ. ಬಹಳ ಕಡೆ ಅವರ ಮುಂದೆ ಸಿದ್ಧ ಉತ್ತರಗಳ ಪಟ್ಟಿ ಇರುತ್ತದೆ, ಎಷ್ಟು ದೂರುಗಳನ್ನು ಮುಚ್ಚಿದರು ಎಂಬುದರಿಂದ ಅವರ ಕೆಲಸವನ್ನು ಅಳೆಯುತ್ತಾರೆ, ಕೋಡ್ ಬರೆದವರನ್ನು ತಲುಪುವ ದಾರಿ ಅವರಿಗೂ ಸುಲಭವಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ತಂತ್ರಾಂಶವೇ ನಿಂತುಹೋಗುವ ಸಂಗತಿ. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ ಎಂಬ ಮನೆ ಲೆಕ್ಕದ ತಂತ್ರಾಂಶ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ಮನಿ ಎಂಬ ಅಂಥದ್ದೇ ತಂತ್ರಾಂಶದ ಮಾರಾಟ 2009ರಲ್ಲಿ ನಿಂತಿತು. ಆದರೆ ಹಳೆಯ ಕಡತಗಳನ್ನು ತೆರೆಯಬಲ್ಲ, ನೋಂದಣಿ ಬೇಡದ ಕೊನೆಯ ಆವೃತ್ತಿಯೊಂದನ್ನು ಕಂಪನಿ ಉಚಿತವಾಗಿ ಕೊಟ್ಟಿತು. ಚಂದಾ ಕಟ್ಟುವ ಮೊದಲು ನಾವು ಕೇಳಬೇಕಾದದ್ದು ಇದನ್ನೇ: ಚಂದಾ ಮುಗಿದರೂ ನನ್ನ ಲೆಕ್ಕ ನನಗೆ ಓದಲು ಸಿಗುತ್ತದೆಯೇ, ಶೀರ್ಷಿಕೆ, ಟಿಪ್ಪಣಿಗಳ ಸಮೇತ ಹೊರತೆಗೆಯಲು ಬರುತ್ತದೆಯೇ? ಗ್ನೂಕ್ಯಾಶ್‌ನಂಥ ಮುಕ್ತ ತಂತ್ರಾಂಶದಲ್ಲಿ ಕಡತ ನಮ್ಮ ಗಣಕದಲ್ಲೇ ಉಳಿಯುತ್ತದೆ, ಆದರೆ ಪ್ರತಿ ವ್ಯವಹಾರವನ್ನು ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಕಲಿಯುವ ತಾಳ್ಮೆ ಬೇಕು.

ಶಾಲಾ ಶಿಕ್ಷಕ, ಜಮಖಂಡಿ:
ನೌಕರರ ಮೇಲೆ ನನಗೆ ಸಿಟ್ಟಿಲ್ಲ ಮೇಡಂ. ಆದರೆ ಚಂದಾ ಪಡೆದ ಕಂಪನಿಯನ್ನು ಹೊಣೆ ಮಾಡಲು ನಮ್ಮಂಥವರಿಗೆ ದಾರಿ ಇದೆಯೇ?

ನಿವೃತ್ತ ಬ್ಯಾಂಕ್ ನೌಕರ, ಬಾಗಲಕೋಟೆ:
ಇದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿಯು ದೂರು ಬಂದುದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸಹಾಯ ವಿಭಾಗವನ್ನು ಬಿಟ್ಟು ನೇರವಾಗಿ ಆ ಅಧಿಕಾರಿಗೆ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಬೆಂಗಳೂರಿನಲ್ಲಿದ್ದರೂ ನೀವು ಬಾಗಲಕೋಟೆಗೆ ಬಂದರೆ ಸಾಕು. ಚಂದಾ ರಸೀದಿ, ನಾಲ್ಕು ಸಾಲಿನ ಆ ಕಡತ, ಅವರ ಉತ್ತರಗಳು ಇಷ್ಟನ್ನೂ ಈಗಲೇ ಮುದ್ರಿಸಿ ಇಟ್ಟುಕೊಳ್ಳಿ.