ಪ್ರಾಜೆಕ್ಟ್ ಜೆಆರ್‌ಎಫ್ ಸಿಕ್ಕಿದೆ, ಸೇರಲೋ ನೆಟ್‌ಗೆ ಕಾಯಲೋ? (ಕೆಮಿಕಲ್ ಫಿಸಿಕ್ಸ್)

ಬ್ಯಾಡಗಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ್ದೇನೆ, ಊರು ಬ್ಯಾಡಗಿ ಹತ್ತಿರ. ಸ್ಪೆಕ್ಟ್ರೋಸ್ಕೋಪಿ (ವಸ್ತು ಬೆಳಕನ್ನು ಹೀರುವ, ಹೊರಸೂಸುವ ರೀತಿಯ ಅಧ್ಯಯನ) ಅಂದರೆ ನನಗೆ ಜೀವ, ಅದರಲ್ಲೇ ಪಿಎಚ್‌ಡಿ ಮಾಡಬೇಕು. ಗೇಟ್ ಪ್ರವೇಶ ಪರೀಕ್ಷೆ ಪಾಸಾಗಿದೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸ್ವಲ್ಪದರಲ್ಲೇ ತಪ್ಪಿತು. ಈಗ ಒಂದು ಕಡೆ ಪ್ರಾಜೆಕ್ಟ್ ಜೆಆರ್‌ಎಫ್, ಅಂದರೆ ಒಬ್ಬ ಗೈಡ್‌ನ ಪ್ರಾಜೆಕ್ಟ್ ದುಡ್ಡಿನಲ್ಲಿ ಸಂಶೋಧನೆಯ ಕೆಲಸ, ಸಿಕ್ಕಿದೆ, ತಿಂಗಳಿಗೆ 37,000 ಮತ್ತು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ಆದರೆ ಪ್ರಾಜೆಕ್ಟ್ ಉಳಿದಿರುವುದು ಎರಡೇ ವರ್ಷ. ಪಿಎಚ್‌ಡಿ ರಿಜಿಸ್ಟ್ರೇಶನ್ ಬಗ್ಗೆ ಕೇಳಿದರೆ "ಮೊದಲು ಸೇರಿಕೋ, ಆಮೇಲೆ ನೋಡೋಣ" ಅಂದರು. ಅಪ್ಪ ಸೇರು ಅಂತಾರೆ. ಜರ್ಮನಿಗೂ ಅರ್ಜಿ ಹಾಕಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸಪ್ತಾಪುರದ ಅಣ್ಣ:
ತಂಗಿ, ಆ "ಆಮೇಲೆ ನೋಡೋಣ" ಎಂಬ ಮಾತು ನಂಬಿ ನಾನೂ ಸೇರಿದ್ದೆ. ಎಲ್ಲಿ ಅಂತ ಬೇಡ. ರಿಜಿಸ್ಟ್ರೇಶನ್ ಆಗುವಷ್ಟರಲ್ಲಿ ಎರಡನೇ ವರ್ಷ ಮುಗಿಯುತ್ತಾ ಬಂದಿತ್ತು, ಮೂರಕ್ಕೆ ಪ್ರಾಜೆಕ್ಟ್ ಮುಗಿದು ದುಡ್ಡೂ ನಿಂತಿತು, ಥೀಸಿಸ್ ಅರ್ಧದಲ್ಲೇ ಇತ್ತು. ಎಂಟು ತಿಂಗಳು ಬೆಳಗ್ಗೆ ಲ್ಯಾಬ್, ಸಂಜೆ ಸಪ್ತಾಪುರದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್.

ದುಡ್ಡು ಯಾರ ಹೆಸರಲ್ಲಿ ಬರುತ್ತದೆ ಅಂತ ಮೊದಲು ನೋಡಬೇಕು. ನೆಟ್‌ನಿಂದ ಸಿಗುವ ಸಿಎಸ್‌ಐಆರ್, ಯುಜಿಸಿ ಫೆಲೋಶಿಪ್ ನಿನ್ನ ಹೆಸರಲ್ಲಿ ಇರುತ್ತದೆ. ಮೊದಲ ಎರಡು ವರ್ಷ 37,000, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದರೆ 42,000, ಒಟ್ಟು ಐದು ವರ್ಷ. ಪ್ರಾಜೆಕ್ಟ್ ದುಡ್ಡು ಗೈಡ್ ಹೆಸರಲ್ಲಿ ಬರುತ್ತದೆ, ಪ್ರಾಜೆಕ್ಟ್ ಮುಗಿದ ದಿನ ಅದೂ ಮುಗಿಯಿತು. ಯಾವ ತಿಂಗಳಲ್ಲಿ ರಿಜಿಸ್ಟ್ರೇಶನ್, ಎರಡು ವರ್ಷದ ನಂತರ ಫೆಲೋಶಿಪ್ ಎಲ್ಲಿಂದ, ಎರಡನ್ನೂ ಮೇಲ್‌ನಲ್ಲೇ ಕೇಳು. ಬಾಯಿಮಾತು ಬೇಡ. ನೇರ ಉತ್ತರ ಬಂದರೆ ಸೇರು, ಸೇರಿದ ಮೇಲೂ ನೆಟ್ ಬಿಡಬೇಡ, ವರ್ಷಕ್ಕೆ ಎರಡು ಸಲ ಬರುತ್ತದಲ್ವಾ.

ಗದಗಿನವ, ಈಗ ಬೆಂಗಳೂರು:
ಇನ್ನೊಂದು ದಾರಿ ಇದೆ, ನಮ್ಮ ಕಡೆಯವರು ಅದನ್ನು ಸುಮ್ನೆ ಬಿಟ್ಟುಬಿಡ್ತಾರೆ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದೆ. ಐಐಎಸ್‌ಸಿ, ಐಐಟಿಗಳು ಅದರ ಮೇಲೆ ಸಂದರ್ಶನಕ್ಕೆ ಕರೆಯುತ್ತವೆ, ಆಯ್ಕೆಯಾದರೆ ಫೆಲೋಶಿಪ್ ಸಂಸ್ಥೆಯೇ ಕೊಡುತ್ತದೆ. ನಮ್ಮ ಧಾರವಾಡ ಐಐಟಿಯನ್ನೂ ನೋಡಿ. ಐಐಎಸ್‌ಸಿಯಲ್ಲಾದರೆ ಸಾಲಿಡ್ ಸ್ಟೇಟ್ ಅಂಡ್ ಸ್ಟ್ರಕ್ಚರಲ್ ಕೆಮಿಸ್ಟ್ರಿ ಯುನಿಟ್‌ನಲ್ಲಿ ನಿಮಗೆ ಬೇಕಾದ ಥರದ ಕೆಲಸವೇ ನಡೆಯುತ್ತದೆ.

ಸಂದರ್ಶನದಲ್ಲಿ ದೊಡ್ಡ ದೊಡ್ಡದೇನೂ ಕೇಳುವುದಿಲ್ಲ, ಬುಡ ಗಟ್ಟಿ ಇದೆಯಾ ಅಂತ ನೋಡ್ತಾರೆ. ನನ್ನ ಊರು ಕೇಳಿದವರೇ "ಬ್ಯಾಡಗಿ ಮೆಣಸಿನಕಾಯಿ ಯಾಕೆ ಅಷ್ಟು ಕೆಂಪು?" ಅಂದರು. ಕ್ಯಾಪ್ಸಾಂಥಿನ್ ಎಂಬ ಬಣ್ಣದ ವಸ್ತುವಿನಿಂದ ಅಂದೆ. ಬೋರ್ಡ್‌ಗೆ ಕಳಿಸಿದರು. ಒಂದು ಬಿಟ್ಟು ಒಂದು ಡಬಲ್ ಬಾಂಡ್ ಇರುವ ಉದ್ದ ಸರಪಳಿ ಬರೆದು, ಎಲೆಕ್ಟ್ರಾನ್ ಅದರೊಳಗೆ ಪೆಟ್ಟಿಗೆಯಲ್ಲಿದ್ದ ಹಾಗೆ ಓಡಾಡುತ್ತದೆ, ಪೆಟ್ಟಿಗೆ ಉದ್ದವಾದಷ್ಟೂ ಶಕ್ತಿಮಟ್ಟಗಳು ಹತ್ತಿರ ಬರುತ್ತವೆ, ಅದಕ್ಕೇ ನೀಲಿ ಹಸಿರು ಬೆಳಕು ಹೀರಿಕೊಂಡು ಕೆಂಪು ಉಳಿಯುತ್ತದೆ ಅಂತ ಹೇಳಿದೆ. "ಪೆಟ್ಟಿಗೆಯ ಉದ್ದ ಎರಡು ಪಟ್ಟಾದರೆ?" ಅಂದರು. ಪ್ರತಿ ಮಟ್ಟದ ಶಕ್ತಿ ನಾಲ್ಕನೇ ಒಂದು ಭಾಗ ಆಗುತ್ತದೆ ಅಂದೆ. ಅರ್ಧ ಗಂಟೆ ಅಲ್ಲೇ ಹೋಯಿತು. ಕ್ವಾಂಟಮ್ ಮತ್ತು ಗಣಿತ ಕೈಯಾರೆ ಬಿಡಿಸಿ ಅಭ್ಯಾಸ ಮಾಡಿ, ಕೆಮಿಸ್ಟ್ರಿಯಿಂದ ಬಂದವರು ಜಾಸ್ತಿ ಎಡವುವುದು ಅಲ್ಲೇ.

ಹುಬ್ಬಳ್ಳಿ ಅಕ್ಕ:
ಜರ್ಮನಿ ಬಗ್ಗೆ ಎರಡು ಮಾತು. ಅಲ್ಲಿ ಪಿಎಚ್‌ಡಿ ಅಂದರೆ ಬಹಳ ಕಡೆ ಒಂದು ನೌಕರಿ ಇದ್ದ ಹಾಗೆ. ಜಾಹೀರಾತಿನಲ್ಲಿ ಇ13 ಅಂತ ಇದ್ದರೆ ಅದು ಸರ್ಕಾರಿ ವೇತನ ಶ್ರೇಣಿ, ಪಕ್ಕದಲ್ಲಿರುವ ಶೇಕಡಾವಾರು ಸರಿಯಾಗಿ ಓದಬೇಕು, ಹೆಚ್ಚಾಗಿ ಅರ್ಧ ಅಥವಾ ಮೂರನೇ ಎರಡು ಭಾಗ ಸಂಬಳ ಇರುತ್ತದೆ. ಬರ್ಲಿನ್‌ನ ಫ್ರಿಟ್ಸ್ ಹಾಬರ್ ಸಂಸ್ಥೆ ನಿನ್ನ ವಿಷಯಕ್ಕೆ ಹೇಳಿ ಮಾಡಿಸಿದ್ದು. ಒಂದೇ ಪತ್ರವನ್ನು ಐವತ್ತು ಪ್ರೊಫೆಸರ್‌ಗಳಿಗೆ ಕಳಿಸಬೇಡ. ಯಾರಿಗೆ ಬರೆಯುತ್ತೀಯೋ ಅವರ ಒಂದು ಪೇಪರ್ ಪೂರ್ತಿ ಓದಿ, ಅದರಲ್ಲಿ ನಿನಗೆ ಬಂದ ಒಂದು ಪ್ರಶ್ನೆ ಬರೆದು ಕಳಿಸು, ಓದುತ್ತಾರೆ.

ಬ್ಯಾಡಗಿ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ ಹೇಳಿದ ಎರಡೂ ಪ್ರಶ್ನೆ ಈಗಷ್ಟೇ ಮೇಲ್ ಮಾಡಿದೆ, ಅಪ್ಪನಿಗೂ ಓದಿ ಹೇಳಿದೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.